ಬೆಳ್ಳಿಯ ಒಂದು ಕಾಲು

ಒಂದಾನೊಂದು ಸಮುದ್ರದ ದಂಡೆಯಲ್ಲಿ ಒಬ್ಬ ತಾಯಿ, ಅವಳಿಗೆ ಇಬ್ಬರು ಗಂಡುಮಕ್ಕಳು, ಹಿರಿಯನ ಕಾಲು ಗಾಳಿ, ಕಿರಿಯನ ಕಾಲು— ಟಣ್, ಅಕ್ಕಸಾಲಿಗನ ಸುತ್ತಿಗೆಗೆ ಪಾಂಟೆಲಿಸ್ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಕಥೆ ಅಲ್ಲೇ ತುಂಡಾಯಿತು, ಅವನ ಬೆಳ್ಳಿಪದಕ ಅಡಿಗಲ್ಲಿನ ಮೇಲೆ ರೊಟ್ಟಿಯಂತೆ ಹರಡುತ್ತಿದೆ, ಸಾವಿರದ ಐನೂರು ಮೀಟರು, ಅಥೆನ್ಸಿನ ಅಮೃತಶಿಲೆಯ ಕ್ರೀಡಾಂಗಣ, ಕೊನೆಯ ತಿರುವಿನವರೆಗೂ ಮುಂದಿದ್ದವನು ತಿರುಗಿ ನೋಡಿದ, ರುಮೇನಿಯದವನು ಪಕ್ಕದಿಂದ ಹಾದುಹೋದ, ಹಿಂದೆ ಏನ್ ನಿನ್ನ ಮಾವನ ಮನೆ ಇತ್ತೇನೋ ಎಂದು ತರಬೇತುದಾರ ಉಗಿದ, ಏನಿತ್ತೆಂದು ಹೇಳಲಿ, ಬಿಚ್ಚಿಕೊಂಡ ಒಂದು ಬಿಳಿ ಶೂ ಲೇಸು, ಕಲ್ಲುಹಾಸಿನ ಮೇಲೆ ಎಳೆದುಕೊಂಡು ಬರುವ ಲೇಸು. ಓಡಲು ಎಲ್ಲಿ ಕಲಿತಿರಿ ಎಂದು ಪತ್ರಿಕೆಯವರು ಕೇಳಿದ್ದರು, ಸ್ಮಿರ್ನಾದ ಹಡಗುಕಟ್ಟೆಯಲ್ಲಿ, ತಮ್ಮನ ಕೈ ಬಿಟ್ಟು, ಎನ್ನಬಹುದಿತ್ತು, ದೇವರ ದಯೆ ಎಂದುಬಿಟ್ಟ. ಮಾಡಬೇಕಾದ ಬೆಳ್ಳಿಕಾಲು ಎಡದ್ದೋ ಬಲದ್ದೋ ಎಂದು ಅಕ್ಕಸಾಲಿಗ ಕೇಳುತ್ತಾನೆ, ಹರಕೆಯವರು ನೋಯುವ ಕಾಲು ಹೇಳ್ತಾರಪ್ಪಾ— ಯಾವುದಾದರೂ ಮಾಡು, ನೋವು ಕಾಲಿನಲ್ಲಿಲ್ಲ. ಸ್ಮಿರ್ನಾ ಹೊತ್ತಿ ಉರಿದ ದಿನ ಅಮ್ಮ ಹೊತ್ತ ಹರಕೆ ಅದು, ಪಾನಾಯಿಯಾ ತಾಯೀ, ದೇವಮಾತೇ, ನನ್ನ ಮಕ್ಕಳ ಕಾಲು ದೋಣಿ ಮುಟ್ಟಲಿ, ಒಬ್ಬೊಬ್ಬನಿಗೂ ನಿನ್ನ ಪಟಕ್ಕೆ ಬೆಳ್ಳಿಯ ಕಾಲು ಕಟ್ತೀನಿ, ಮುಟ್ಟಿದ್ದು ಒಬ್ಬನದೇ, ಜನ ನೂಕಿದರು, ಕೈ ತಪ್ಪಿಹೋಯಿತು ಎಂದು ಅವನು ಅತ್ತ, ಅವಳು ನಂಬಿದಳು, ಹನ್ನೆರಡು ವರ್ಷ ನಿರಾಶ್ರಿತರ ಗುಡಿಸಲಿನಿಂದ ದೇವಮಾತೆಯೊಡನೆ ಚೌಕಾಸಿ ಮಾಡಿದಳು, ನನ್ನ ಕಿರಿಯವ ಮಿನಾಸ್ ಬರಲಿ, ಜೋಡಿಯಾಗೇ ಕೊಡ್ತೀನಿ, ಅರ್ಧ ಕೆಲಸಕ್ಕೆ ಯಾರು ಕೂಲಿ ಕೊಡ್ತಾರೆ, ಸತ್ತವರ ಹೆಸರಿನ ಗೋಧಿ ಬೇಯಿಸಿ ಎಂದ ನೆರೆಯವಳಿಗೆ, ನಿನ್ನ ಗಂಡನಿಗೆ ಬೇಯಿಸ್ಕೋ ಹೋಗೇ ಎಂದಳು, ಮತ್ತೆ ಹೋದ ವಾರ ಕೊನೆಯುಸಿರೆಳೆಯುತ್ತ, ಒಂದು ಕಾಲು ಕಟ್ಟಿಬಿಡು ಮಗಾ, ಒಂದೇ ಸಾಕು. ಒಂದೇ ಸಾಕು— ಎಷ್ಟು ಸುಲಭವಾಗಿ ಹೇಳಿ ಹೋದಳು, ತಮ್ಮ ಸತ್ತನೆಂದು ಸಾರುವ ಕೆಲಸ ಇವನಿಗೇ ಬಿಟ್ಟು, ಸರಿಯಾದವನಿಗೇ ಬಿಟ್ಟು. ಈಗ ಇಗರ್ಜಿ, ಮೇಣದ ವಾಸನೆ, ದೇವಮಾತೆಯ ಪಟದ ತುಂಬ ಹರಕೆಯ ತಗಡಿನ ಕಣ್ಣು, ತಗಡಿನ ಕೈ, ತಗಡಿನ ಕೂಸು, ಎಲ್ಲರಿಗೂ ಏನೋ ಸಿಕ್ಕಿದೆ, ಅಕ್ಕಸಾಲಿಗ ಪೋಣಿಸಿ ಕೊಟ್ಟ ದಾರ ಬಿಳಿಯದು, ಕೆಂಪು ಇರಲಿಲ್ಲವೇ ಅವನ ಹತ್ತಿರ, ಅಣ್ಣಾ ಲೇಸ್ ಬಿಚ್ಕೊಂಡ್ತು ಕಟ್ಟೋ, ಆಮೇಲೆ ಕಟ್ತೀನಿ ಮೊದ್ಲು ಓಡೋ, ಹಡಗುಕಟ್ಟೆಯಲ್ಲಿ ಏಳು ವರ್ಷದ ತಮ್ಮ ಲೇಸಿಗೆ ಬಗ್ಗಿದ, ಇವನು ಕೈ ಬಿಟ್ಟು ಓಡಿದ, ಆಮೇಲೆ ಎಂದಿದ್ದನಲ್ಲ, ಆಮೇಲೆ ಎಂದರೆ ಇದೇ, ಒಂದು ಸುತ್ತು, ಒಂದು ಕುಣಿಕೆ, ಮಕ್ಕಳಿಗೆ ಕಟ್ಟುವಂತೆ ಮೇಲೊಂದು ಗಂಟು, ಕಟ್ಟಿದೆ ಮಿನಾಸ್, ಕಟ್ಟಿದೆ ಕಣೋ— ಬೆಳ್ಳಿಯ ಪಾದದ ಪಕ್ಕ ಉಳಿದ ದಾರದ ತುದಿ, ಬಿಳಿ ತುದಿ, ತೂಗುತ್ತಿದೆ, ಬಿಳಿ ಲೇಸು