ಮೆಲ್ಲಣ್ಣ ಬಾರಿಸಿದ ಬ್ಲೇಡು

ಮೆಲ್ಲಣ್ಣನಿಗೆ ಆ ಹೆಸರು ಯಾರಿಟ್ಟರೋ ಗೊತ್ತಿಲ್ಲ, ಇಟ್ಟವರು ಬಲು ಜಾಣರು. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದಾಗಿನಿಂದ ಸಂಜೆ ಬೀಗ ಹಾಕುವ ತನಕ ಆ ಮನುಷ್ಯನ ಬಾಯಲ್ಲಿ ಒಂದೇ ಜಪ: “ಮೆಲ್ಲಗೆ, ಮೆಲ್ಲಗೆ! ನಿದ್ದೆ ಬಂದಿರೋ ಮಗೂನ ಮಲಗಿಸ್ದಂಗೆ ಇಡಿ.” ಕೆಲಸದ ಮೇಜುಗಳ ಮೇಲೆಲ್ಲ ದಪ್ಪ ಉಣ್ಣೆಬಟ್ಟೆ ಹಾಸಿಸಿದ್ದು ಅವನೇ. ಯಾರ ಕೈಯಿಂದಲಾದರೂ ‘ಟಕ್’ ಎಂದು ಸದ್ದು ಬಂತೋ, ಶೆಡ್ಡಿನ ಆ ಮೂಲೆಯಿಂದ ಅವನ ಕಣ್ಣು ಬಂದು ಚುಚ್ಚುತ್ತಿತ್ತು. ಶೆಡ್ಡಿನವರು ಊಟದ ಡಬ್ಬಿಯನ್ನೂ ಬೇಕೆಂದೇ ಉಸಿರು ಬಿಗಿಹಿಡಿದು ಇಟ್ಟು, “ಮೆಲ್ಲಣ್ಣಾ, ಡಬ್ಬಿಗೆ ನೋವಾಗ್ಲಿಲ್ಲ ತಾನೆ?” ಎಂದು ಕಾಲೆಳೆಯುತ್ತಿದ್ದರು. ಅವನು ಮುಖ ಗಂಟಿಕ್ಕಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದ.

ಹಿಗ್ಗುವುದಕ್ಕೆ ಕಾರಣವೂ ಇತ್ತೆನ್ನಿ. ಅಲ್ಲಿ ತಯಾರಾಗುತ್ತಿದ್ದದ್ದು ವಿಮಾನದ ಎಂಜಿನ್ನಿನ ಹೊಟ್ಟೆಯೊಳಗೆ ಬೆಂಕಿಯಂಥ ಗಾಳಿಗೆ ಮೈಯೊಡ್ಡಿ ತಿರುಗುವ ಬ್ಲೇಡುಗಳು. ಅಂಗೈಯಷ್ಟುದ್ದದ, ಒಣಗಿದ ಎಲೆಯಂತೆ ತಿರುಚಿಕೊಂಡ ತುಂಡು. ಆ ಕಾವಿನಲ್ಲಿ ಮಾಮೂಲಿ ಉಕ್ಕು ಮೆತ್ತಗಾಗಿ ಕೈಕೊಡುತ್ತದೆ. ಅದಕ್ಕೇ ನಿಕಲ್ ಲೋಹಕ್ಕೆ ಅಲ್ಯೂಮಿನಿಯಂ, ಕ್ರೋಮಿಯಂ, ನಾಲಿಗೆ ಹೊರಳದ ಹೆಸರಿನ ಇನ್ನೂ ಹಲವು ಲೋಹ ಬೆರೆಸಿ, ಗಾಳಿಯನ್ನೆಲ್ಲ ಹೀರಿ ತೆಗೆದ ಕುಲುಮೆಯಲ್ಲಿ ಕರಗಿಸಿ, ಪಿಂಗಾಣಿಯಂಥ ಅಚ್ಚಿಗೆ ಹೊಯ್ದು, ಆ ಅಚ್ಚನ್ನು ಕಾವಿನಿಂದ ಬಹಳ ನಿಧಾನಕ್ಕೆ ಕೆಳಗಿಳಿಸುತ್ತಾರೆ. ಹಾಗೆ ತುದಿಯಿಂದ ಬುಡಕ್ಕೆ ಹೆಪ್ಪುಗಟ್ಟುತ್ತ ಬಂದ ಬ್ಲೇಡು ಇಡಿಯಾಗಿ ಒಂದೇ ಹರಳು. ಬೇರೆ ಲೋಹವೆಲ್ಲ ಸಣ್ಣ ಸಣ್ಣ ಹರಳುಗಳ ಕಂತೆ. ಕಾವು ಏರಿದರೆ ಸಂದಿನಲ್ಲಿ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಸಂದೇ ಇಲ್ಲ.

ಆದರೆ ಇಷ್ಟು ಗಟ್ಟಿಜೀವಕ್ಕೂ ಒಂದು ಚಾಳಿ. ತಣ್ಣಗಿರುವಾಗ ಏಟು ತಿಂದರೆ ಅದು ಸುಮ್ಮನಿರುತ್ತದೆ, ಹೊರಗೆ ಏನೂ ತೋರಿಸಿಕೊಳ್ಳುವುದಿಲ್ಲ. ಆಮೇಲೆ ಹದಕ್ಕೆ ತರಲು ಅದನ್ನು ಇನ್ನೊಂದು ಕುಲುಮೆಯಲ್ಲಿ ಇನ್ನೇನು ಕರಗಬೇಕು ಎನ್ನುವಷ್ಟು ಕಾಯಿಸುತ್ತಾರಲ್ಲ, ಆಗ ಏಟು ಬಿದ್ದ ಜಾಗದಲ್ಲೇ ಹೊಸ ಹರಳುಗಳು ಹುಟ್ಟಿಕೊಳ್ಳುತ್ತವೆ. ಇಲ್ಲದ ಸಂದು ಬಂದು ಕೂರುತ್ತದೆ. ಆಸಿಡ್ಡಿನಲ್ಲಿ ಅದ್ದಿ ತೆಗೆದರೆ ಬೇರೆಯದೇ ಹೊಳಪಿನ ಮಚ್ಚೆಯಾಗಿ ಕಾಣುತ್ತದೆ. ಅಂಥ ಬ್ಲೇಡು ಎಂಜಿನ್ನಿಗೆ ಹೋದರೆ ಎಂದಾದರೊಂದು ದಿನ ಆಕಾಶದಲ್ಲಿ ಅಲ್ಲಿಂದಲೇ ಬಿರುಕು ಬಿಟ್ಟೀತು. ಮೆಲ್ಲಣ್ಣನ ಜಪ ಸುಮ್ಮನೆ ಹುಟ್ಟಿದ್ದಲ್ಲ.

ಇಂಥ ಮೆಲ್ಲಣ್ಣ ಮಾಡಿದ್ದೇನು ಗೊತ್ತೆ?

ವರ್ಷಕ್ಕೊಮ್ಮೆ ಕಾರ್ಖಾನೆಯವರು ಕೆಲಸಗಾರರ ಮನೆಮಂದಿಗೆ ಬಾಗಿಲು ತೆರೆದು ಒಳಗೆಲ್ಲ ತೋರಿಸುತ್ತಿದ್ದರು. ಈ ಸಲ ಅವನು ಹೆಂಡತಿ, ಮಗಳ ಜೊತೆಗೆ ಹೊಸ ಬೀಗರನ್ನೂ ಕರೆದುಕೊಂಡು ಬಂದ. ಮಗಳ ಮದುವೆ ಆಗಷ್ಟೇ ಮಾತಾಗಿತ್ತು. ಬೀಗರದು ದೊಡ್ಡ ಪಾತ್ರೆ ಅಂಗಡಿ. ಗಲ್ಲಾದಲ್ಲಿ ಕೂರುವವಳು ಬೀಗಿತ್ತಿಯೇ, ಬಾಯಿ ಸ್ವಲ್ಪ ಜೋರು.

“ಇಷ್ಟೇನಾ ಬೀಗ್ರೇ?” ಎಂದಳು ಆಕೆ ಮೇಜಿನ ಮುಂದೆ ನಿಂತು. “ಬ್ಲೇಡು ಬ್ಲೇಡು ಅಂತ ನಿಮ್ಮನೆಯವರು ಹೇಳ್ತಿದ್ರೆ ನಾನು ಫ್ಯಾನಿನ ರೆಕ್ಕೆಯಷ್ಟಾದ್ರೂ ಇರುತ್ತೆ ಅಂದ್ಕೊಂಡಿದ್ದೆ.”

ಬಂದವರಿಗೆ ತೋರಿಸಲೆಂದೇ ಬುಡ ಕತ್ತರಿಸಿದ ಒಂದು ರದ್ದು ಬ್ಲೇಡನ್ನು ಅಲ್ಲಿಟ್ಟಿದ್ದರು. ಅದನ್ನು ಹಿಂದೆ ಮುಂದೆ ಹೊರಳಿಸಿದ ಬೀಗಿತ್ತಿ, “ಮುರಿದಿರೋದನ್ನ ತೋರಿಸ್ತಿದ್ದೀರಲ್ಲ! ನಮ್ಮಂಗಡೀಲಿ ಒಂದ್ ಲೋಟ ಕೊಳ್ಳೋರೂ ಬಾರಿಸಿ ನೋಡ್ದೆ ಕೊಳ್ಳಲ್ಲಪ್ಪ,” ಎಂದು ನಕ್ಕಳು.

ಮಗಳ ಮುಖ ಸಣ್ಣಗಾಯಿತು. ಅದನ್ನು ಕಂಡದ್ದೇ ಮೆಲ್ಲಣ್ಣನಿಗೆ ಎಲ್ಲಿತ್ತೋ ಜಂಬ, ನೆತ್ತಿಗೇರಿತು. ಶೆಡ್ಡಿನ ಉಳಿದವರೆಲ್ಲ ತಂತಮ್ಮ ಮನೆಮಂದಿಯ ಜೊತೆ ಬೇರೆ ವಿಭಾಗಗಳ ಕಡೆ ಹೋಗಿದ್ದರು. ಪಕ್ಕದ ತಟ್ಟೆಯಲ್ಲಿ ಹದದ ಕುಲುಮೆಗೆ ಹೋಗಲು ಸಾಲಾಗಿ ಮಲಗಿದ್ದ ಒಳ್ಳೆಯ ಬ್ಲೇಡುಗಳಲ್ಲಿ ಒಂದನ್ನು ಎತ್ತಿಕೊಂಡ. ತಾನೇ ಹಾಸಿಸಿದ್ದ ಉಣ್ಣೆಬಟ್ಟೆಯನ್ನು ತಾನೇ ಸರಿಸಿ, ಮೇಜಿನ ಕಬ್ಬಿಣದ ಅಂಚಿಗೆ ಬ್ಲೇಡಿನ ತುದಿಯನ್ನು ಬಡಿದ.

ಟಣ್!

ಎಂಥ ನಾದ ಅದು! ಎಳೆದು ಎಳೆದು ಬಂದು ಮಾಡಿನವರೆಗೆ ತುಂಬಿಕೊಂಡಿತು. ಬೀಗಿತ್ತಿಯ ಕಣ್ಣು ಅಗಲವಾಯಿತು. “ಅಬ್ಬಬ್ಬಾ! ಇನ್ನೊಂದ್ ಸಲ ಬೀಗ್ರೇ, ಇನ್ನೊಂದ್ ಸಲ!” ಅವನು ಇನ್ನೂ ಜೋರಾಗಿ ಬಡಿದ. ಬೀಗರು ಚಪ್ಪಾಳೆ ತಟ್ಟಿದರು, ಮಗಳು ನಕ್ಕಳು, ಹೆಂಡತಿ ಮದುವೆಯಾದಾಗಿನಿಂದ ನೋಡದ ಕಣ್ಣಿನಿಂದ ಅವನನ್ನು ನೋಡಿದಳು. ಆ ಹೊತ್ತಿಗೆ ಮೆಲ್ಲಣ್ಣನ ಕಾಲು ನೆಲದ ಮೇಲಿರಲಿಲ್ಲ.

ಎಲ್ಲರೂ ಅತ್ತ ಹೋದ ಮೇಲೆ ಬ್ಲೇಡನ್ನು ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ಗುರುತು ಇತ್ತೋ ಇಲ್ಲವೋ. ಬಟ್ಟೆಯಿಂದ ತಿಕ್ಕಿದ, ಹೋಯಿತು. ಅದನ್ನು ತೆಗೆದು ಬೇರೆ ಇಡಬೇಕು ಎಂಬುದು ಆ ಶೆಡ್ಡಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಬೇರೆ ಇಟ್ಟರೆ ಯಾಕೆಂದು ಹೇಳಬೇಕು. ಎರಡೇ ಎರಡು ಸಲ ತಟ್ಟಿದ್ದಕ್ಕೆ ಏನು ಮಹಾ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಬ್ಲೇಡನ್ನು ಮೆಲ್ಲಗೆ, ತುಂಬ ಮೆಲ್ಲಗೆ, ಸಾಲಿನೊಳಗೆ ಮಲಗಿಸಿಬಿಟ್ಟ.

ಅದು ಕುಲುಮೆಗೆ ಹೋಗಿ ಬಂತು, ಆಸಿಡ್ಡಿನಲ್ಲಿ ಮುಳುಗಿ ಎದ್ದಿತು. ಪರೀಕ್ಷೆ ವಿಭಾಗದ ಮೇಡಂ ಅದನ್ನು ಹಿಡಿದುಕೊಂಡು ಸೀದಾ ಶೆಡ್ಡಿಗೇ ಬಂದರು.

“ನೋಡಿ ಇಲ್ಲಿ. ಯಾರ ಕೆಲಸ ಇದು?”

ದೀಪದ ಕೆಳಗೆ ಹಿಡಿದಾಗ ಎಲ್ಲರಿಗೂ ಕಂಡಿತು. ಬೂದುಬಣ್ಣದ ಬ್ಲೇಡಿನ ತುದಿಯಲ್ಲಿ ಅಕ್ಕಪಕ್ಕ ಎರಡು ಮಚ್ಚೆ. ಒಂದು ಚಿಕ್ಕದು, ಇನ್ನೊಂದು ಅದಕ್ಕಿಂತ ದೊಡ್ಡದು. ಮೆಲ್ಲಣ್ಣನಿಗೆ ನೋಡುತ್ತಲೇ ಗುರುತು ಹತ್ತಿತು. ಚಿಕ್ಕದು ಅವನು ತಾನಾಗಿ ಬಾರಿಸಿದ್ದು, ದೊಡ್ಡದು ಬೀಗಿತ್ತಿ ಕೇಳಿದ್ದಕ್ಕೆ ಬಾರಿಸಿದ್ದು.

ಎಲ್ಲರ ಕಣ್ಣೂ ಗುಬ್ಬಿಯ ಕಡೆ ತಿರುಗಿತು. ಗುಬ್ಬಿ ಎಂದರೆ ಅಚ್ಚು ಒಡೆಯುವವಳು. ಆಳು ಸಣ್ಣ, ಕೈ ಸಣ್ಣ, ಅದಕ್ಕೇ ಆ ಹೆಸರು. ಎರಕ ತಣಿದ ಮೇಲೆ ಮೇಲಿನ ಪಿಂಗಾಣಿ ಚಿಪ್ಪನ್ನು ಪುಟ್ಟ ಸುತ್ತಿಗೆಯಿಂದ ಒಡೆದು ಬ್ಲೇಡನ್ನು ಬಿಡಿಸುವುದು ಅವಳ ಕೆಲಸ. ಅವಳ ಕೈ ಹಿಡಿದು ಕಲಿಸಿದವನು ಮೆಲ್ಲಣ್ಣ. ಇನ್ನು ಕೆಲವೇ ದಿನಗಳಲ್ಲಿ ಅವನು ನಿವೃತ್ತಿಯಾಗುವವನಿದ್ದ. ಶೆಡ್ಡನ್ನು ಅವಳಿಗೇ ವಹಿಸಬೇಕೆಂದು ಮೇಲಿನವರಿಗೆ ಹೇಳಿ ಒಪ್ಪಿಸಿದವನೂ ಅವನೇ. ಗುಬ್ಬಿ ಆ ಖುಷಿಯಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪಗಾಗಿದ್ದಳು.

ಅವಳು ಬ್ಲೇಡನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ನಂದೇ ಇರ್ಬೇಕು ಮೇಡಂ. ಸುತ್ತಿಗೆ ಇರೋದು ನನ್ನ ಕೈಲೇ ತಾನೆ?” ಎಂದಳು. ಆಮೇಲೆ ಮೆಲ್ಲಣ್ಣನ ಕಡೆ ನೋಡಿದಳು.

ಅವಳ ಸುತ್ತಿಗೆ ಬೀಳುವುದು ಬುಡದ ಬಳಿ, ಲೋಹ ಹೊಯ್ದ ಬಾಯಿಯ ಕಡೆಗೆ. ತುದಿಯ ಹತ್ತಿರ ಅವಳು ಸುತ್ತಿಗೆ ಮುಟ್ಟಿಸುವುದಿಲ್ಲ, ಚಿಪ್ಪನ್ನು ಬೆರಳಿನಿಂದ ಬಿಡಿಸುತ್ತಾಳೆ. ಹಾಗೆ ಕಲಿಸಿದವನೇ ಅವನು. ಅಷ್ಟು ಹೇಳಿದ್ದರೂ ಸಾಕಿತ್ತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಆ ಬಾಯಿ ತೆರೆದು ಹೇಳಿದ್ದಾದರೂ ಏನು?

“ಮೆಲ್ಲಗೆ, ಮೆಲ್ಲಗೆ ಅಂತ ಎಷ್ಟ್ ಸಲ ಬಡ್ಕೊಂಡಿದೀನಿ?”

ಮಾತು ಹೊರಬಿದ್ದದ್ದೇ ಅವನಿಗೆ ಮೈಯೆಲ್ಲ ಕುಗ್ಗಿಹೋಯಿತು. ನಾಲಿಗೆ ಕಚ್ಚಿಕೊಂಡ, ಆದರೆ ಆಡಿದ್ದು ಆಡಿಯಾಗಿತ್ತು. ಗುಬ್ಬಿ ತಲೆ ತಗ್ಗಿಸಿ, “ತಪ್ಪಾಯ್ತಣ್ಣ,” ಎಂದಳು. ಆ ತಟ್ಟೆಯ ಬ್ಲೇಡುಗಳನ್ನೆಲ್ಲ ತಡೆಹಿಡಿದರು. ಗುಬ್ಬಿಯನ್ನು ಸುತ್ತಿಗೆಯಿಂದ ಬಿಡಿಸಿ ಪ್ಯಾಕಿಂಗಿಗೆ ಹಾಕುವುದೆಂದೂ, ಶೆಡ್ಡಿಗೆ ಬೇರೆ ಯಾರನ್ನಾದರೂ ನೋಡುವುದೆಂದೂ ಮಾತಾಯಿತು.

ಅಂದಿನಿಂದ ಮೆಲ್ಲಣ್ಣನಿಗೆ ಊಟ ಸೇರಲಿಲ್ಲ. ಕನ್ನಡಿಯ ಮುಂದೆ ನಿಂತು ಗಡ್ಡ ಕೆರೆದುಕೊಳ್ಳುವುದಕ್ಕೂ ನಾಚಿಕೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಹೋಗುವನು, ಶೆಡ್ಡಿನಲ್ಲಿ ಯಾರಾದರೂ “ಏನ್ ಮೆಲ್ಲಣ್ಣ” ಎಂದರೆ ಸಾಕು, ತಲೆ ತಗ್ಗಿಸಿ ಕೆಲಸದ ಕಡೆ ತಿರುಗಿಬಿಡುವನು. ಇಷ್ಟು ವರ್ಷ ಸಂಪಾದಿಸಿದ್ದು ಆ ಹೆಸರೊಂದೇ. ಬಾಯಿಬಿಟ್ಟರೆ ಅದೂ ಹೋಯಿತು. ಹೆಂಡತಿಗೂ ಹೇಳಲಿಲ್ಲ. ಆ ದಿನದ ಅವಳ ನೋಟವನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ರಜೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಗುಬ್ಬಿ. ಒಳಗೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತು, “ಕ್ಷಮಿಸ್ಬಿಡಿ ಅಣ್ಣ,” ಎಂದಳು. “ಕೆಲಸ ಬದಲಾಗಿದ್ದಕ್ಕೆ ಬೇಜಾರಿಲ್ಲ. ನೀವು ನನ್ನ ಪರವಾಗಿ ಮಾತಾಡಿದ್ರಿ, ನಾನು ನಿಮ್ಮ ಮುಖಕ್ಕೆ ಮಸಿ ಬಳಿದೆ. ಯಾವಾಗ ಕೈ ತಪ್ತು ಅಂತ ಎಷ್ಟ್ ಯೋಚಿಸಿದ್ರೂ ನೆನಪಾಗ್ತಾ ಇಲ್ಲ.”

ಮೆಲ್ಲಣ್ಣ ನೆಲ ನೋಡಿದ. ಚಹಾ ತಂದ ಹೆಂಡತಿಗೆ ಗಂಡನ ಶೆಡ್ಡಿನವರು ಮನೆಗೆ ಬಂದದ್ದೇ ಸಂಭ್ರಮ. ಅವಳು ಹತ್ತಿರ ಕೂತು ಮಾತು ಹಚ್ಚಿಕೊಂಡಳು. “ನೀವೂ ಆ ಬ್ಲೇಡು ಮಾಡೋ ಕಡೇನೇ ಅಲ್ವಾ? ಅವತ್ತು ನಾವು ಬಂದಿದ್ವಲ್ಲ, ಇವ್ರು ಒಂದನ್ನ ತಗೊಂಡು ಮೇಜಿಗೆ ಬಾರಿಸಿ ತೋರಿಸಿದ್ರು ನೋಡಿ, ಅಬ್ಬಾ, ಏನ್ ನಾದ! ಎರಡು ಸಲ ಬಾರಿಸಿದ್ರು. ನಮ್ಮ ಬೀಗಿತ್ತಿ ಈಗಲೂ ಕಂಡಕಂಡವರಿಗೆಲ್ಲ ಅದನ್ನೇ ಹೇಳ್ತಾರೆ.”

ಗುಬ್ಬಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವಳು ಮೆಲ್ಲಣ್ಣನನ್ನು ನೋಡಿದಳು. ಅವನು ಮುಖ ಪಕ್ಕಕ್ಕೆ ತಿರುಗಿಸಿದ. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದ. ಅವಳು ಚಹಾ ಪೂರ್ತಿ ಕುಡಿದಳು. “ಹೌದು ಅತ್ತಿಗೆ, ಚೆನ್ನಾಗಿ ನಾದ ಬರುತ್ತೆ ಅದಕ್ಕೆ,” ಎಂದಷ್ಟೇ ಹೇಳಿ ಎದ್ದಳು.

ಗೇಟಿನವರೆಗೆ ಅವಳ ಹಿಂದೆಯೇ ಹೋದ. ಅವಳೇ ತಿರುಗಿ, “ಒಳಗೆ ಹೋಗಿ ಅಣ್ಣ. ನಾನೇನೂ ಕೇಳಿಸ್ಕೊಂಡಿಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಉಗಿದು ಹೋಗಿದ್ದರೆ ಒರೆಸಿಕೊಂಡು ಬದುಕಬಹುದಿತ್ತು, ಈ ಕರುಣೆಯನ್ನು ಹೊತ್ತುಕೊಂಡು ಮನೆಯೊಳಗೆ ಹೋಗುವುದಕ್ಕೆ ಅವನ ಕೈಲಾಗಲಿಲ್ಲ. ಗೇಟು ಹಿಡಿದು ಅಲ್ಲೇ ನಿಂತ. ಹೆಂಡತಿ ಬಂದು, “ಏನಾಯ್ತು, ಯಾಕೆ ಅಳ್ತಿದೀರಿ?” ಎಂದು ಕೇಳಿದಾಗ ಮೊದಲು ಅವಳಿಗೇ ಹೇಳಿದ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

ಮರುದಿನ ಶೆಡ್ಡಿನವರನ್ನೆಲ್ಲ ಮೇಜಿನ ಹತ್ತಿರ ಕರೆದ. ಪ್ಯಾಕಿಂಗಿನಿಂದ ಗುಬ್ಬಿಯನ್ನು ಕರೆಸಿದ, ಮೇಡಂಗೂ ಹೇಳಿಕಳಿಸಿದ. “ಅವಳ ಕೈಯಲ್ಲ,” ಎಂದ. “ನಂದು. ಬೀಗರ ಮುಂದೆ ಜಂಬ ಕೊಚ್ಕೊಳ್ಳೋಕೆ ಮೇಜಿಗೆ ಬಾರಿಸಿದ್ದೆ. ಗೊತ್ತಿದ್ದೂ ವಾಪಸ್ ಇಟ್ಟೆ. ಗೊತ್ತಿದ್ದೂ ಅವಳನ್ನ ಬೈದೆ.”

ಯಾರಾದರೂ ನಗುತ್ತಾರೆ, ಕಾಲೆಳೆಯುತ್ತಾರೆ ಎಂದು ಕಾದ. ಯಾರೂ ನಗಲಿಲ್ಲ. ದಿನಾ ಡಬ್ಬಿಯ ತಮಾಷೆ ಮಾಡುತ್ತಿದ್ದವನು ಗೋಡೆಯ ಕಡೆ ತಿರುಗಿಕೊಂಡ.

ಮೇಡಂ ಮಾತ್ರ ಕೆಲಸದ ಮಾತನ್ನೇ ಆಡಿದರು. “ಎಷ್ಟು ಜೋರಾಗಿ ಬಾರಿಸಿದ್ರಿ? ಎಷ್ಟು ಪೆಟ್ಟಿಗೆ ಇಷ್ಟು ಮಚ್ಚೆ ಬಂದಿದೆ ಅಂತ ನಮಗೆ ತಿಳೀಬೇಕು. ಹೇಗಿದ್ರೂ ಇದು ರದ್ದಾಗಿದೆ. ತೋರಿಸಿ.”

ಅದೇ ಬ್ಲೇಡನ್ನು ಅವನ ಕೈಗೆ ಕೊಟ್ಟರು. ಅವನು ಉಣ್ಣೆಬಟ್ಟೆ ಸರಿಸಿದ. ಬಡಿದ. ಟಣ್! ಅಷ್ಟು ಹಾಳಾದ ಬ್ಲೇಡು, ನಾದ ಮಾತ್ರ ಮೊದಲಿನ ಹಾಗೇ ಇತ್ತು, ಎಲ್ಲೂ ಬಿರುಕಿಲ್ಲದೆ ಮಾಡಿನವರೆಗೆ ಏರಿತು.

“ಎರಡು ಮಚ್ಚೆ ಇದೆಯಲ್ಲ,” ಎಂದರು ಮೇಡಂ. “ಇನ್ನೊಂದ್ ಸಲ.”

ಮೆಲ್ಲಗೆ ಬಡಿದು ಮುಗಿಸಿಬಿಡೋಣ ಎಂದು ಅವನ ಮನಸ್ಸು ಒಂದು ಗಳಿಗೆ ಎಳೆಯಿತು. ಅವನು ಅದಕ್ಕೆ ಸೋಲಲಿಲ್ಲ. ಅವತ್ತು ಬಡಿದಷ್ಟೇ ಜೋರಾಗಿ ಬಡಿದ. ನಾದ ಶೆಡ್ಡನ್ನೆಲ್ಲ ತುಂಬಿಕೊಂಡು ಎಷ್ಟು ಹೊತ್ತಾದರೂ ನಿಲ್ಲಲೊಲ್ಲದು, ಯಾರೂ ಮಿಸುಕಾಡಲೊಲ್ಲರು. ಕೊನೆಗೆ ಗುಬ್ಬಿಯೇ ಮುಂದೆ ಬಂದಳು. ಅವನ ಮುಖ ನೋಡದೆ, ಅವನ ಬೆರಳುಗಳಿಂದ ಬ್ಲೇಡನ್ನು ಬಿಡಿಸಿಕೊಂಡು, ಅಂಗೈಯಲ್ಲಿ ಅದುಮಿ ಸದ್ದನ್ನು ನಿಲ್ಲಿಸಿದಳು. ಆಮೇಲೆ ಉಣ್ಣೆಬಟ್ಟೆಯನ್ನು ಎಳೆದು ಸರಿಮಾಡಿ, ಯಾರಿಗೂ ಬೇಡವಾದ ಆ ತುಂಡನ್ನು, ಅವನು ಕಲಿಸಿದ್ದ ಹಾಗೆಯೇ, ಅದರ ಮೇಲೆ ಮೆಲ್ಲಗೆ ಮಲಗಿಸಿದಳು.