ಮಣ್ಣಿಗಿಟ್ಟ ಕೈ

ಅರಿಶಿನ ಹಚ್ಚುತ್ತಿದ್ದ ಪ್ರಭಾಳ ಹೆಬ್ಬೆರಳು ಅವ್ವನ ಪಾದದೊಳಕ್ಕೆ ಹೂತುಕೊಂಡಿತು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ಅವಳು ಅದರ ಮೇಲೆ ಇನ್ನಷ್ಟು ಅರಿಶಿನ ಬಳಿದು ಮುಚ್ಚಿದಳು.

“ಮೆಲ್ಲಗೆ ಕಣವ್ವ,” ಎಂದಳು ಪಕ್ಕದ ಮನೆಯ ರಾಮಕ್ಕ, ತಲೆಯ ಕಡೆ ಕೂತು ಸೀಗೇಪುಡಿ ಉಜ್ಜುತ್ತ. “ಮುತ್ತೈದೆಯಾಗಿ ಓದ್ಲು. ನನ್ ಅಣೇಲಿ ಬರೀದೆ ಓದದ್ದನ್ನ ಇವ್ಳಿಗೆ ಬರ್ದಿದ್ದ ಸಿವ.”

ಹಿತ್ತಲಲ್ಲಿ ಎರಡು ಸೀರೆಗಳನ್ನು ಮರೆಯಾಗಿ ಕಟ್ಟಿದ್ದರು. ಆಚೆ ಗಂಡಸರ ಕೆಮ್ಮು, ಬಿದಿರು ಸೀಳುವ ಸದ್ದು. ತುಮಕೂರು ರಸ್ತೆಯ ಲಾರಿಗಳು ನಾಗಸಂದ್ರಕ್ಕೆ ಇವತ್ತು ಸಾವು ಬಂದಿದೆ ಎಂಬುದೇ ಗೊತ್ತಿಲ್ಲದ ಹಾಗೆ ಹೋಗುತ್ತಿದ್ದವು.

“ಅತ್ತೆ, ಅದನ್ನ ಎಲ್ಲಿ ಹೂತ್ರಿ ನೀವೂ ಅವ್ವನೂ?” ಎಂದು ಪ್ರಭಾ ರಾಮಕ್ಕನನ್ನು ಕೇಳಿದಳು. “ಈಗಾದ್ರೂ ಹೇಳಿ.”

“ಇವತ್ತಾ ಕೇಳೋದು ನೀನು? ಅವ್ಳ ಮೈಮೇಲಿನ್ನೂ ನೀರಾರಿಲ್ಲ.”

“ಸೋಮವಾರ ವಾಪಸ್ ಕೊಡದಿದ್ರೆ ಹಾಲ್ ಟಿಕೆಟ್ ಇಲ್ಲ ಅಂದಿದ್ದಾರೆ. ಅವ್ವ ಇದ್ದಿದ್ರೆ ಬೇರೆ ಮಾತು. ಇನ್ನು ಈ ವರ್ಷ ತಪ್ಪಿದ್ರೆ ಅಪ್ಪ ನನ್ನ ಮತ್ತೆ ಕಾಲೇಜಿಗೆ ಕಳಿಸ್ತಾನಾ, ನೀವೇ ಹೇಳಿ.”

ರಾಮಕ್ಕನ ಕೈ ಅವ್ವ ಕೃಷ್ಣಮ್ಮನ ನೆತ್ತಿಯ ಮೇಲೆ ನಿಂತಿತು. “ಈ ತಲೆ ಮುಟ್ಟಿಸ್ಕಂಡು ಆಣೆ ಆಕಿಸ್ಕಂಡ್ಳು, ಯಾರ್ಗೂ ಏಳ್ಬ್ಯಾಡ ಅಂತ.” ಕಣ್ಣೊರೆಸಿಕೊಂಡಳು. “ಇರ್ಲಿ. ತಲೆ ಓದ್ಮೇಲೆ ಆಣೆ ಎಲ್ಲಿರ್ತದೆ? ಮಣ್ಣಾಗ್ಲಿ, ಸಂಜಿಕೆ ತೋರಿಸ್ತೀನಿ. ನಿಮ್ಮಜ್ಜಿ ಮಗ್ಗುಲಲ್ಲೇ ಐತೆ.”

ಪ್ರಭಾ ತಲೆಯೆತ್ತಿದಳು. “ಅಜ್ಜಿ ಮಗ್ಗುಲಲ್ಲೇ ತಾನೆ ಅವ್ವಂಗೆ ಗುಂಡಿ ತೋಡ್ತಿರೋದು?”

ರಾಮಕ್ಕನ ಕೈಲಿದ್ದ ಚೊಂಬು ಕಲ್ಲಿನ ಮೇಲೆ ಬಿತ್ತು.

*

ಪ್ರಭಾಳಿಗೆ ಇದು ನರ್ಸಿಂಗ್ ಕಾಲೇಜಿನ ಮೊದಲ ವರ್ಷ. ದೇಹರಚನೆಯ ಪಾಠಕ್ಕೆ ಒಂದೇ ಅಸ್ಥಿಪಂಜರ. ಹುಡುಗಿಯರು ಸರದಿಯಲ್ಲಿ ಒಂದೊಂದು ಭಾಗವನ್ನು ಮನೆಗೆ ಒಯ್ದು ಓದಿ ತರಬೇಕು. ದೀಪಾವಳಿ ರಜೆಗೆ ಪ್ರಭಾಳ ಪಾಲಿಗೆ ಬಂದದ್ದು ಬಲಗೈ. ಮೊಣಕೈಯಿಂದ ಬೆರಳ ತುದಿಯವರೆಗೆ, ತಂತಿಯಲ್ಲಿ ಪೋಣಿಸಿದ್ದು, ಮೂಳೆಗಳ ಮೇಲೆ ಕಪ್ಪು ಮಸಿಯಲ್ಲಿ ಇಂಗ್ಲೀಷ್ ಅಕ್ಷರ.

ಮೊದಲ ದಿನ ಕೃಷ್ಣಮ್ಮ ಅದನ್ನು ಬೊಂಬೆ ಎಂದುಕೊಂಡಳು. ರಾಗಿ ಕೇರುತ್ತ ಮಗಳು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡಳು.

“ಇದು ರೇಡಿಯಸ್ಸು, ಇದು ಅಲ್ನಾ ಅವ್ವ. ನಿನ್ನ ಕೈಯೊಳಗೂ ಇದೆ.”

“ರೇಡಿಯೋನಾ! ಮನೇಗೊಂದು ತತ್ತಾ ಅಂತ ನಿಮ್ಮಪ್ಪಂಗೆ ಬಡ್ಕಂಡೆ. ಕೈಯೊಳಗೇ ಮಡಿಕ್ಕಂಡು ಬದುಕ್ತಿದ್ನಲ್ಲೇ!” ಎಂದು ಮಣಿಕಟ್ಟನ್ನು ಕಿವಿಗೆ ಹಿಡಿದು ನಕ್ಕಳು. “ಆಡ್ತಾನೇ ಇಲ್ವಲ್ಲ.”

ಅವಳೇ ಗಂಡನ ಜೊತೆ ಗುದ್ದಾಡಿ ಮಗಳನ್ನು ಓದಿಗೆ ಹಾಕಿದವಳು. ಬೆಳಿಗ್ಗೆ ರಸ್ತೆಯವರೆಗೂ ಬಂದು, ಬಸ್ಸು ಕಣ್ಮರೆಯಾಗುವ ತನಕ ಸೆರಗು ಹೊದ್ದು ನಿಲ್ಲುತ್ತಿದ್ದವಳು. ಅಂಥವಳು ನಗು ನಿಲ್ಲಿಸಿ ಕೇಳಿದಳು: “ಬೊಂಬೆ ಮಾಡಿದೋರು ಉಗುರಿನ ಜಾಗಾನೂ ಎಷ್ಟು ಸಂದಾಗಿ ಮಾಡವ್ರೆ?”

“ಬೊಂಬೆ ಅಲ್ಲ ಅವ್ವ. ಯಾರದೋ ನಿಜವಾದ ಕೈ.”

“ಯಾರ್ದು?”

“ಗೊತ್ತಿಲ್ಲ. ವಾರಸುದಾರರಿಲ್ಲದೋರ್ದು.”

ಕೃಷ್ಣಮ್ಮ ಮೊರ ಕೆಳಗಿಟ್ಟಳು. ಆ ರಾತ್ರಿ ಊಟ ಮಾಡಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗಲೂ ಅವಳ ಕಣ್ಣು ಗೂಡಿನಲ್ಲಿದ್ದ ಆ ಕೈಯ ಮೇಲೆಯೇ ಇತ್ತು. ಮಾರನೇ ದಿನ ಪ್ರಭಾ ಗೆಳತಿಯ ಮನೆಯಿಂದ ಬರುವಷ್ಟರಲ್ಲಿ ಗೂಡು ಬರಿದಾಗಿತ್ತು.

“ಮಣ್ಣು ಮಾಡ್ದೆ,” ಎಂದಳು ಕೃಷ್ಣಮ್ಮ. “ರಾಮಕ್ಕನೂ ನಾನೂ ಅರಿಶಿನದ ಬಟ್ಟೆ ಸುತ್ತಿ, ಆಲು ತುಪ್ಪ ಬುಟ್ಟು ಬಂದ್ವಿ. ಎತ್ತೋರಿಲ್ದೆ ಅಲೀತಿತ್ತು ಪಾಪ.”

“ಅಯ್ಯೋ ಅವ್ವಾ! ಅದು ಕಾಲೇಜಿಂದು! ಎಲ್ಲಿ ಹೂತೆ?”

ಎಷ್ಟು ಗೋಗರೆದರೂ ಒಂದೇ ಮಾತು: “ಭೂಮ್ತಾಯಿಗೆ ಕೊಟ್ಟದ್ದನ್ನ ಈಸ್ಕಂಡು ಬಾ ಅಂತೀಯಲ್ಲ ಮಗ. ನಿಮ್ ಟೀಚರಮ್ಮಂಗೆ ಏಳು, ನಮ್ಮವ್ವ ಒಂದು ಒಳ್ಳೇ ಕೆಲ್ಸ ಮಾಡವ್ಳೆ ಅಂತ.”

ಟೀಚರಮ್ಮ ನಗಲಿಲ್ಲ. “ಕೈ ತಂದುಕೊಡು, ಹಾಲ್ ಟಿಕೆಟ್ ತೊಗೊ,” ಎಂದರು.

*

ಪ್ರಭಾ ಹೊಲ ಮುಟ್ಟುವಷ್ಟರಲ್ಲಿ ಗುಂಡಿಯ ಸುತ್ತ ಜನ ಸೇರಿದ್ದರು. ಜಮೀನೆಲ್ಲ ಕಾರ್ಖಾನೆಗಳಿಗೆ ಹೋಗಿ, ಆ ಮನೆತನಕ್ಕೆ ಉಳಿದದ್ದು ಹಿರಿಯರನ್ನು ಮಲಗಿಸಿದ ಈ ಮೂಲೆ ಮಾತ್ರ. ಅಗೆಯುತ್ತಿದ್ದ ಸೋದರಮಾವ ನಲ್ಲಪ್ಪ ಗುದ್ದಲಿ ಬಿಸಾಡಿ ಮೇಲೆ ಹತ್ತಿ ಬಂದಿದ್ದ. ಮಣ್ಣಿನ ಗುಡ್ಡೆಯ ಮೇಲೆ ಹಳದಿ ಬಟ್ಟೆ ಅರ್ಧ ಬಿಚ್ಚಿಕೊಂಡಿತ್ತು. ಐದೂ ಬೆರಳು ಆಕಾಶ ನೋಡುತ್ತಿದ್ದವು.

“ಮಾಟ,” ಎಂದ ನಲ್ಲಪ್ಪ. “ನಮ್ಮಕ್ಕ ಕಾಯಿಲೆ ಬಂದು ಸತ್ತಿದ್ದಲ್ಲ. ಮಾಟ ಮಾಡ್ಸಿ ತೆಗ್ದವ್ರೆ.”

ಊರಿಗೆ ಶಕುನ, ಪಂಚಾಂಗ ಹೇಳುವ ಲಕ್ಷ್ಮಣಪ್ಪ ಕೋಲಿನಿಂದ ಆ ಕೈಯನ್ನು ಹೊರಳಿಸಿ, ಬಗ್ಗಿ ನೋಡಿದ. “ತಂತಿ ಕಟ್ಟವ್ರೆ. ಅಕ್ಸರ ಬರ್ದವ್ರೆ... ಇಂಗ್ಲೀಸು.” ಅವನ ದನಿ ಇಳಿಯಿತು. “ಇಂಗ್ಲೀಸ್ ಮಾಟ ಕಣ್ರಪ್ಪ. ಇದ್ಕೆ ನಮ್ ಕಡೆ ಮದ್ದಿಲ್ಲ.”

ಯಾರೂ ನಗಲಿಲ್ಲ. ಪ್ರಭಾಳ ಅಪ್ಪ ಚಿಕ್ಕಬೈರಪ್ಪ, ಪೀಣ್ಯದ ಒಂದು ಕಾರ್ಖಾನೆಯ ಗೇಟು ಕಾಯುವವನು, ಆ ಕೈಯನ್ನೇ ದಿಟ್ಟಿಸುತ್ತಿದ್ದ. ಬೆಳಗಿನಿಂದ ಬಾಗಿದ್ದ ಅವನ ಬೆನ್ನು ಈಗ ಸ್ವಲ್ಪ ನೆಟ್ಟಗಾಗಿತ್ತು.

“ಯಾರ್ಲಾ ಇಲ್ಲಿ ಅಗೆದೋರು?” ಎಂದ.

“ದೀಪಾವಳೀಲಿ ರಾಮಕ್ಕ ಗುದ್ದಲಿ ಇಡ್ಕಂಡು ಇಲ್ಲಿ ತಿರುಗ್ತಿದ್ದುದ್ನ ನಾ ನೋಡಿವ್ನಿ,” ಎಂದಿತು ಒಂದು ದನಿ.

ಜನ ತಾವಾಗಿ ಸರಿದು ದಾರಿಯಾಯಿತು. ದಾರಿಯ ಆ ತುದಿಯಲ್ಲಿ, ಒದ್ದೆ ಸೆರಗಿನಲ್ಲಿ, ಪ್ರಭಾಳ ಹಿಂದೆ ಏದುಸಿರು ಬಿಡುತ್ತ ಬಂದ ರಾಮಕ್ಕ ನಿಂತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಆಣೆಯೋ ಭಯವೋ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅನ್ನ ತಿಂದ ಮನೇಗೇ ಮಾಡ್ದೇನಮ್ಮೀ!” ಎಂದು ನಲ್ಲಪ್ಪ ಅವಳ ಜುಟ್ಟಿಗೆ ಕೈ ಹಾಕಿದ.

ಸುಮ್ಮನಿದ್ದರೆ ಇವರು ರಾಮಕ್ಕನನ್ನು ಈ ಊರಲ್ಲಿ ಬದುಕಗೊಡುವುದಿಲ್ಲ. ಮಾತಾಡಿದರೆ ತನ್ನ ಓದು ಇಲ್ಲಿಗೆ ಮುಗಿಯಿತು. ಎರಡೂ ಪ್ರಭಾಳಿಗೆ ಒಟ್ಟಿಗೇ ಕಂಡವು.

“ಮಾವ, ಬಿಡು ಅವರನ್ನ. ಅದು ನಂದು.”

ನಲ್ಲಪ್ಪ ತಿರುಗಿದ.

“ನನ್ನ ಪಾಠದ ಕೈ. ನಾನೇ ಮನೆಗೆ ತಂದಿದ್ದು. ಅನಾಥದ್ದು ಅಂತ ಅವ್ವ ಮಣ್ಣು ಮಾಡಿದ್ಲು. ಅಪ್ಪ, ಸೋಮವಾರ ಅದನ್ನ ಕಾಲೇಜಿಗೆ ವಾಪಸ್ ಕೊಡ್ಬೇಕು. ಕೊಟ್ರೆ ಪರೀಕ್ಷೆಗೆ ಕೂರಿಸ್ತಾರೆ.”

ನಲ್ಲಪ್ಪ ರಾಮಕ್ಕನ ಕೂದಲು ಬಿಟ್ಟ. “ಎಣದ ಕೈ ಮನೆಯೊಳಕ್ಕೆ ತಂದ್ಳು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಮಗಳು ಓದ್ಲು, ತಾಯಿ ಓದ್ಲು.” ಅವರ ಬಾಯಲ್ಲಿ ಓದುವುದಕ್ಕೂ ಹೋಗುವುದಕ್ಕೂ ಒಂದೇ ಮಾತು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು.

“ಕೈಯಿಂದ ಅಲ್ಲ ಮಾವ! ಅವ್ವನ ಹೃದಯ ಸೋತಿತ್ತು. ಕಾಲು ಊದಿತ್ತು. ನಾನು ಹೇಳಿದ್ದೆ, ಅಪ್ಪಂಗೆ ಹೇಳಿ...”

ಅಪ್ಪನ ಮುಖ ನೋಡಿ ಅವಳ ಮಾತು ಅಲ್ಲಿಗೇ ನಿಂತಿತು.

*

ಆ ಕಾಲನ್ನು ಮೊದಲು ಒತ್ತಿ ನೋಡಿದವಳು ಪ್ರಭಾಳೇ. ರಕ್ತ ಹೃದಯಕ್ಕೆ ಹೇಗೆ ಬರುತ್ತದೆ, ಬಾರದಿದ್ದರೆ ಏನಾಗುತ್ತದೆ ಎಂಬ ಪಾಠವಾದ ವಾರ. ಅಂಗಳದಲ್ಲಿ ಕೂತಿದ್ದ ಅವ್ವನ ಪಾದ ತೊಡೆಯ ಮೇಲಿಟ್ಟುಕೊಂಡು ಬೆರಳೊತ್ತಿದಳು. ಗುಳಿ ಬಿತ್ತು.

“ಬಿಸಿ ಮುದ್ದೇಗೆ ಬೆರಳಿಟ್ಟಂಗೈತೆ ನೋಡು. ಸಾರು ಉಯ್ಯಿ ಬಾ,” ಎಂದು ನಕ್ಕಳು ಕೃಷ್ಣಮ್ಮ. ನಗುವಿಗೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಪ್ರಭಾ ಓಡಿದ್ದು ಅಪ್ಪನ ಹತ್ತಿರ. ಡ್ಯೂಟಿಗೆ ಖಾಕಿ ಅಂಗಿ ತೊಡುತ್ತಿದ್ದ. “ಆಸ್ಪತ್ರೆಗೆ ಕರ್ಕೊಂಡು ಹೋಗಣ ಅಪ್ಪ. ಇವತ್ತೇ.”

“ನಾಕು ಅಕ್ಸರ ಕಲಿಯೋದ್ರೊಳ್ಗೆ ಡಾಕ್ಟ್ರಾಗ್ಬುಟ್ಟೆಯಾ? ನಿಂತು ನಿಂತು ಕಾಲು ಊದ್ತದೆ. ನಂಗೂ ಊದ್ತದೆ,” ಎಂದು ಅಂಗಿಯ ಗುಂಡಿ ಹಾಕಿಕೊಂಡ. “ಅಬ್ಬ ಕಳೀಲಿ, ನೋಡಾನ.”

ಹಬ್ಬ ಕಳೆಯಿತು. ಅವನು ಮತ್ತೆ ಕೇಳಲಿಲ್ಲ, ಕೃಷ್ಣಮ್ಮ ಹೇಳಲಿಲ್ಲ. ಬಸ್ಸಿಗೆ ಬಿಡಲು ಬರುವಾಗ ದಾರಿಯಲ್ಲಿ ಎರಡು ಕಡೆ ಕೂರುತ್ತಿದ್ದಳು. ಆಮೇಲೆ ಬಾಗಿಲಲ್ಲೇ ನಿಂತು ಕೈ ಬೀಸುತ್ತಿದ್ದಳು.

*

ಅಪ್ಪನ ಮುಖ ಬೇಡುತ್ತಿತ್ತು. ಊರಿನ ಮುಂದೆ ಆ ಮಾತನ್ನು ಆಡಬೇಡವೆಂದು, ಸಾವು ಆ ಮೂಳೆಯಿಂದಲೇ ಬಂತೆಂದು ಹೇಳಲಿ ಎಂದು. ತನ್ನಪ್ಪ ಯಾರನ್ನಾದರೂ ಹೀಗೆ ಬೇಡಿದ್ದನ್ನು ಪ್ರಭಾ ಕಂಡಿರಲಿಲ್ಲ. ಮಿಕ್ಕ ಮಾತನ್ನು ನುಂಗಿಕೊಂಡಳು.

“ಮುಂದೇನು ಮಾಡಾದು ಏಳು ಲಕ್ಷ್ಮಣಪ್ಪ,” ಎಂದ ಚಿಕ್ಕಬೈರಪ್ಪ, ಅವಳಿಂದ ಕಣ್ಣು ಕಿತ್ತು.

“ಮೈಲಿಗೆಯಾದ ಗುಂಡಿ ಮುಚ್ಚಿ, ಬ್ಯಾರೆ ತೋಡಿ. ಇದ್ನ ಯಜಮಾನನೇ ಒಯ್ದು ಬಂಡೆಹಳ್ಳದ ನೀರಿಗೆ ಬುಡ್ಬೇಕು. ತಿರುಗಿ ನೋಡ್ಬಾರ್ದು.”

“ಅಪ್ಪ, ಸೋಮವಾರ...”

“ಸೋಮವಾರ ಒಲೆ ಹಚ್ಚೋರು ಯಾರು?” ಎಂದ ನಲ್ಲಪ್ಪ. “ವರ್ಸ ತುಂಬೋದ್ರೊಳ್ಗೆ ಇವ್ಳಿಗೊಂದು ಗಂಡು ನೋಡಾನ ಭಾವ.” ರಾಮಕ್ಕ ಪ್ರಭಾಳ ತೋಳು ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

ಅಜ್ಜಿಯ ಮಗ್ಗುಲು ತಪ್ಪಿ, ಕೃಷ್ಣಮ್ಮನಿಗೆ ಕಾರ್ಖಾನೆಯ ಕಾಂಪೌಂಡಿನ ಬುಡದಲ್ಲಿ ಜಾಗವಾಯಿತು. ಅಲ್ಲಿ ನೆಲ ಗಟ್ಟಿ. ಮಧ್ಯಾಹ್ನ ಇಳಿದ ಮೇಲೆ ಗೋವಿಂದ ಎಂದರು. ಪ್ರಭಾ ಮೂರು ಹಿಡಿ ಮಣ್ಣು ಹಾಕಿದಳು. ಗೋಡೆಯಾಚೆ ಯಂತ್ರಗಳು ಒಂದೇ ಸಮನೆ ತಿರುಗುತ್ತಿದ್ದವು. ಕಾಯುವ ದೇವರು ಎಲ್ಲ ಕಡೆ ಇದ್ದಾನೆಂದು ಅವ್ವ ಹೇಳುತ್ತಿದ್ದಳು. ಅವನ ಸದ್ದು ಕೇಳಿಸಲಿಲ್ಲ.

ಎಲ್ಲರೂ ಸ್ನಾನಕ್ಕೆ ಬಾವಿಯ ಕಡೆ ಹೊರಟಾಗ ಚಿಕ್ಕಬೈರಪ್ಪ ಒಬ್ಬನೇ ಹಿಂದುಳಿದ. ಬಗ್ಗಿ ಆ ಕೈಯನ್ನೆತ್ತಿಕೊಂಡ. ಹೇಗೆ ಹಿಡಿಯುವುದೆಂದು ತಿಳಿಯದೆ ಹಿಂದೆ ಮುಂದೆ ಮಾಡಿದ. ಮೊಣಕೈ ಕಡೆಯಿಂದ ಹಿಡಿದರೆ ಬೆರಳುಗಳು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ಕೊನೆಗೆ ಸದ್ದಾಗದಂತೆ ಆ ಬೆರಳುಗಳನ್ನೇ ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು ಬಂಡೆಹಳ್ಳದ ದಾರಿ ಹಿಡಿದ. ದೂರದಿಂದ ಪ್ರಭಾಳಿಗೆ, ಅಪ್ಪ ಒಂದು ಎಳೆಮಗುವನ್ನು ಕೈಹಿಡಿದು, ಅದರ ಹೆಜ್ಜೆಗೆ ತನ್ನ ಹೆಜ್ಜೆ ಸಣ್ಣದು ಮಾಡಿಕೊಂಡು ನಡೆಸಿಕೊಂಡು ಹೋಗುತ್ತಿರುವಂತೆ ಕಂಡಿತು.