ಮೊಣಕಾಲ ಕೆಳಗಿನ ಗೀಟು

ಮೇಸ್ತ್ರಿಗೆ ಜೊತೆ ಕೆಲಸದವರು ಇಟ್ಟ ಹೆಸರು ಗೀಟಪ್ಪ. ಹೊಸ ಈಜುಕೊಳಕ್ಕೆ ಸಣ್ಣಕಲ್ಲಿನ ಗಾರೆ ಬಳಿದು, ಮಾರನೇ ದಿನ ಆಸಿಡ್ಡಿನಿಂದ ತೊಳೆದು ಕಲ್ಲಿನ ಮುಖ ಹೊರಗೆ ತಂದು, ಕೂಡಲೇ ನೀರು ಬಿಡುವುದು ಅವನ ಕಸುಬು. ಬಿಟ್ಟ ನೀರನ್ನು ಕೊಳ ತುಂಬುವ ತನಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದಿರೋ, ನೀರು ನಿಂತ ಮಟ್ಟದಲ್ಲಿ ಗೋಡೆಯ ಸುತ್ತ ಒಂದು ಗೀಟು ಬೀಳುತ್ತದೆ. ಆಮೇಲೆ ಕೊಳ ಖಾಲಿ ಮಾಡಿ ಮತ್ತೆ ಆಸಿಡ್ ಹಾಕದ ಹೊರತು, ಎಷ್ಟು ತಿಕ್ಕಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. "ಮನೆಗೆ ಬೆಂಕಿ ಬಿದ್ರೂ ನಲ್ಲಿ ಮುಟ್ಬೇಡಿ" ಎಂದು ಇಪ್ಪತ್ತು ವರ್ಷ ಬಾಯಿ ಬಡಿದುಕೊಂಡು ಸಂಪಾದಿಸಿದ ಹೆಸರು ಅದು.

ಅವನ ಹೆಂಡತಿ ದೂರದ ಊರಲ್ಲಿ ಯಾರದೋ ಮನೆಯ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಗಂಡನ ಮುಖ ನೋಡಿ ಎರಡು ವರ್ಷವಾಗಿತ್ತು. ನಿನ್ನೆ ಸಂಜೆ ಫೋನು ಬಂತು. "ಒಂದೇ ದಿನ ರಜ ಸಿಕ್ಕಿದೆ ರೀ. ನಾಳೆ ಎರಡು ಗಂಟೆಗೆ ಬಂದು ಐದರ ಬಸ್ಸಿಗೆ ವಾಪಸ್." ಅಷ್ಟು ಹೊತ್ತಿಗೆ ಗಾರೆ ಬಳಿದು ಮುಗಿದಿತ್ತು. ಗಾರೆ ಯಾರ ಹೆಂಡತಿಗೂ ಕಾಯುವುದಿಲ್ಲ.

ಬೆಳಿಗ್ಗೆ ಅವನು ಬಕೆಟ್ಟಿನ ನೀರಿಗೆ ಆಸಿಡ್ ಬೆರೆಸುತ್ತಿದ್ದಾಗ, ಜೊತೆಗಾರನಾಗಿದ್ದ ಭಾವಮೈದುನ ಮೂಗಿಗೆ ಕಟ್ಟಿದ ಮಾಸ್ಕಿನೊಳಗಿಂದಲೇ ಕಿಸಕ್ಕನೆ ನಕ್ಕ.

"ನಮ್ಮಕ್ಕನ್ನ ಮದುವೆಯಾದ ದಿನಾನೂ ಇಷ್ಟು ನುಣ್ಣಗೆ ಗಡ್ಡ ಬೋಳಿಸಿರ್ಲಿಲ್ಲ ಭಾವ ನೀವು!"

"ಬಾಯಿ ಮುಚ್ಕೊಂಡು ಪೈಪ್ ಹಿಡಿ."

ಗೋಡೆಯ ಮೇಲೆ ಆಸಿಡ್ ಬುಸುಗುಟ್ಟಿತು, ನೊರೆಯೆದ್ದಿತು, ಪೈಪಿನ ನೀರು ಬಿದ್ದಲ್ಲೆಲ್ಲ ನೀಲಿ ಕಲ್ಲುಗಳು ಕಣ್ಣುಬಿಟ್ಟವು. ಅವನ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. "ಇಷ್ಟು ಕೊಳ ಕಟ್ಟಿದ್ದೀರಿ, ಒಂದರಲ್ಲಾದ್ರೂ ನನ್ನ ಕಾಲು ನೆನೆಸಿದ್ದೀರಾ?" ಎಂದು ಅವಳು ಯಾವಾಗಲೂ ಹಂಗಿಸುತ್ತಿದ್ದಳು. ಆ ಮಾತೇ ಇಡೀ ಬೆಳಿಗ್ಗೆ ಕಿವಿಯಲ್ಲಿ ಕೂತಿತ್ತು. ಆಸಿಡ್ಡಿನ ಅಂಶ ಉಳಿಯದಂತೆ ಸೋಡಾಪುಡಿ ಬೆರೆಸಿದ ನೀರಿನಿಂದ ಕೊಳ ತೊಳೆದು, ಗಲೀಜನ್ನೆಲ್ಲ ಪಂಪಿನಲ್ಲಿ ಹೊರಹಾಕಿ, ಹೊಸ ನೀರು ಬಿಡುವಾಗ ಮೂರು ಗಂಟೆ. ಅಂಗಿ ಬದಲಿಸಿದವನೇ ಓಡಿದ. ಆಸಿಡ್ಡಿಗೆ ಹೆದರಿ ಚೀಲದಲ್ಲಿಟ್ಟಿದ್ದ ಫೋನು ಅಲ್ಲೇ ಉಳಿಯಿತು.

ಮನೆಗೆ ಬೀಗ ಹಾಕಿತ್ತು. ಅಂಗಡಿಗೆ ಹೋಗಿರಬೇಕು, ಈಗ ಬಂದಾಳು ಎಂದು ಮೆಟ್ಟಿಲ ಮೇಲೆ ಕೂತ. ಆಗ ಬಂದಾಳು, ಈಗ ಬಂದಾಳು ಎಂದು ಕೂತೇ ಇದ್ದ. ಐದಕ್ಕೆ ಹತ್ತು ನಿಮಿಷವಿದ್ದಾಗ ಪಕ್ಕದ ಮನೆಯಾಕೆ ಬಂದಳು.

"ಅಯ್ಯೋ, ನೀವಿಲ್ಲಿದ್ದೀರಾ? ಅವರು ಆಗಲೇ ಬ್ಯಾಗ್ ತಗೊಂಡು ನಿಮ್ಮ ಕೆಲಸದ ಜಾಗಕ್ಕೇ ಹೋದ್ರಲ್ಲ. ನೋಡ್ಕೊಂಡು ಹಾಗೇ ಬಸ್ಸಿಗೆ ಹೋಗ್ತೀನಿ ಅಂದ್ರು."

ಎದ್ದೆನೋ ಬಿದ್ದೆನೋ ಎಂದು ಬಸ್ ನಿಲ್ದಾಣಕ್ಕೆ ಓಡಿದ. ಬಸ್ಸು ಹೋಗಿ ಐದು ನಿಮಿಷವಾಗಿತ್ತು.

ಕೊಳದ ಹತ್ತಿರ ಭಾವಮೈದುನ ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ನೀರು ಬರುತ್ತಿತ್ತು. ಆದರೆ ಆ ನೀರಿನ ಕೆಳಗೆ, ಗೋಡೆಯ ಸುತ್ತ, ಬೆಳ್ಳಗೆ ಒಂದು ಗೀಟು.

"ಅಕ್ಕ ಕಾಲಿಡ್ತೀನಿ ಅಂತ ಇಳಿದ್ಳು ಭಾವ. ನೀವು ಮನೆಗೆ ಹೋದ್ರಿ ಅಂದೆ, ಬೀಗ ನೋಡಿ ಇಲ್ಲಿಗೇ ಬರ್ತಾರೆ, ಅಲ್ಲೀವರೆಗೂ ಇಲ್ಲೇ ನಿಂತಿರ್ತೀನಿ ಅಂದ್ಳು. ನೀರು ಏರ್ತಾ ಇತ್ತು, ಸೀರೆ ನೆನೆಯುತ್ತಲ್ಲ ಅಂತ ನಲ್ಲಿ ತಿರುಗಿಸಿಬಿಟ್ಟೆ. ಮುಕ್ಕಾಲು ಗಂಟೆ ನಿಂತಿದ್ಳು."

ಮೇಸ್ತ್ರಿ ನೇರವಾಗಿ ಕೊಳ ಕಟ್ಟಿಸಿದ ಮನೆಯೊಡತಿಯ ಬಳಿ ಹೋಗಿ, ಗೀಟು ಬಿದ್ದಿದೆ, ತಪ್ಪು ನನ್ನದು ಎಂದ. ಆಕೆ ಬಂದು ಬಗ್ಗಿ ನೋಡಿದಳು.

"ಹೊಸದಕ್ಕೇ ಕಲೆ ಬೇಡಪ್ಪ. ಸೋಮವಾರ ಖಾಲಿ ಮಾಡಿ ಮತ್ತೆ ಆಸಿಡ್ ಹಾಕಿ ತೆಗೆದ್ಬಿಡಿ."

"ಆಗಲಿ ಅಮ್ಮ."

ಚೀಲದಿಂದ ಫೋನು ತೆಗೆದ. ಅವಳ ಕರೆ ಏಳು ಸಲ ಬಂದಿತ್ತು. ಪ್ಯಾಂಟು ಮಡಚಿ ನೀರಿಗಿಳಿದು ಅವಳಿಗೆ ಫೋನು ಮಾಡಿದ. ಬಸ್ಸಿನ ಸದ್ದಿನ ನಡುವೆ ಅವಳ ದನಿ ಬಂತು.

"ಎಲ್ಲಿ ಹೋಗಿದ್ರಿ ರೀ?"

"ಮನೆ ಮೆಟ್ಟಿಲ ಮೇಲೆ ಕೂತಿದ್ದೆ."

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ ಹೇಳಿದಳು: "ನಿಮ್ಮ ಕಲ್ಲು ಕಾಲಿಗೆ ಚುಚ್ಚಲ್ಲ ರೀ. ಎಷ್ಟು ನಯವಾಗಿದೆ!" ಮತ್ತೆ ಗಾಬರಿಯಿಂದ, "ನೀರು ನಿಲ್ಲಿಸಬಾರದಂತೆ, ಅವನು ಆಮೇಲೆ ಹೇಳಿದ. ನನ್ನಿಂದ ಗೀಟು ಬಿತ್ತಾ?" ಎಂದಳು.

ಮೇಸ್ತ್ರಿ ಬಗ್ಗಿ ನೀರೊಳಗೆ ಕೈ ಇಳಿಬಿಟ್ಟ. ಗೀಟು ಅವನ ಮೊಣಕಾಲಿಗಿಂತ ಒಂದು ಗೇಣು ಕೆಳಗಿತ್ತು. ಅವಳಿಗೆ ಇನ್ನೂ ಸ್ವಲ್ಪ ಮೇಲೆ ಬಂದಿರಬೇಕು. ಸೋಮವಾರಕ್ಕೆ ಇನ್ನು ಮೂರು ದಿನ.

"ಇಲ್ಲ ಕಣೇ," ಎಂದ, ಗೀಟಿನ ಮೇಲೆ ಬೆರಳಾಡಿಸುತ್ತ. "ಒಂಚೂರೂ ಬಿದ್ದಿಲ್ಲ."